ನಮ್ಮ ಮಿಲ್ಟ್ರಿಯವರ ಮನೆಗೆ ರ‍್ಯಾಂಪ್ ಕಟ್ಟಲು ಯಾವ ಅರ್ಜಿ ಹಾಕಬೇಕು?

ತುಮಕೂರು ಜಿಲ್ಲಾಧಿಕಾರಿಗಳಿಗೆ ಹಾಗೂ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ, ನಮಸ್ಕಾರ.

ಸೇನೆಗೆ ಸೇರಿ, ಕಾಲನ್ನೋ ಕೈಯನ್ನೋ ಬೆನ್ನಿನ ಬಲವನ್ನೋ ಕಳೆದುಕೊಂಡು ಊರಿಗೆ ಬಂದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಪಿಂಚಣಿ ಬರುತ್ತದೆ. ಆಸ್ಪತ್ರೆ ಖರ್ಚಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಹೆಚ್‌ಎಸ್ ಇದೆ. ಅದರ ಬಗ್ಗೆ ಈ ಪತ್ರ ಅಲ್ಲ. ಇವರು ಸ್ವಂತ ಮನೆಯ ಬಚ್ಚಲಿಗೆ ಹೋಗಲಿಕ್ಕೆ, ಸ್ವಂತ ಗಾಡಿ ಓಡಿಸಿಕೊಂಡು ಸಂತೆಗೆ ಹೋಗಲಿಕ್ಕೆ ಸರ್ಕಾರದಿಂದ ಏನು ಸಿಗುತ್ತದೆ, ಯಾರಿಗೆ ಸಿಗುತ್ತದೆ, ಯಾಕೆ ಇಷ್ಟು ಜನಕ್ಕೆ ಸಿಗುವುದಿಲ್ಲ ಎಂಬುದನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿತು.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಹವಾಲ್ದಾರ್ ಆಗಿ ನಿವೃತ್ತನಾದೆ. ಗುಬ್ಬಿ ತಾಲ್ಲೂಕಿನಲ್ಲಿ ಸ್ವಲ್ಪ ತೆಂಗು ಇದೆ. ಉಳಿದ ಹೊತ್ತಿನಲ್ಲಿ ಸುತ್ತಲಿನ ಮಾಜಿ ಸೈನಿಕರಿಗೆ, ಅವರ ಹೆಂಡತಿಯರಿಗೆ ಅರ್ಜಿ ತುಂಬಿಕೊಡುತ್ತೇನೆ. 'ಸಾಬ್, ಸ್ಪರ್ಶ್‌ನಲ್ಲಿ ಏನೋ ಕೇಳ್ತಾ ಇದೆ' ಎಂದು ಫೋನ್ ಹಿಡಿದು ಬರುತ್ತಾರೆ. ಸ್ಪರ್ಶ್ ಅಂದರೆ ನಮ್ಮ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ. ಹಾಗಾಗಿ ನಿಯಮಗಳನ್ನು ಓದುವ ಚಟ ಇದೆ.

ಮೊದಲು ಪರ್ಸೆಂಟೇಜ್ ವಿಷಯ. ಸೇನೆಯಿಂದ ಅಂಗವಿಕಲ ಪಿಂಚಣಿ ಬರಬೇಕಾದರೆ ಕನಿಷ್ಠ ಶೇ 20 ವೈಕಲ್ಯ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯ ಶುರುವಾಗುವುದು ಶೇ 40ರಿಂದ. ಮಾಜಿ ಸೈನಿಕರ ಕಲ್ಯಾಣ ನೋಡುವ ಕೇಂದ್ರೀಯ ಸೈನಿಕ ಮಂಡಳಿಯಿಂದ, ಅಂಗವಿಕಲರಿಗೆ ಒಗ್ಗುವಂತೆ ಮಾರ್ಪಡಿಸಿದ ಸ್ಕೂಟರ್‌ಗೆ ಸಹಾಯ ಬೇಕಾದರೆ ಶೇ 50. ಅದೇ ಮಂಡಳಿಯ ಮನೆ ರಿಪೇರಿ ಸಹಾಯಕ್ಕೆ ಶೇ 100. ಕಾಲು ಒಂದೇ, ಗೆರೆ ನಾಲ್ಕು. ಶೇ 70 ಅಂಗವಿಕಲನಾದವನು ಸ್ಕೂಟರ್ ಓಡಿಸಬಹುದು, ಆದರೆ ಅವನ ಮನೆಯ ಮೆಟ್ಟಿಲು ಅವನಿಗೆ ತೊಂದರೆಯೇ ಅಲ್ಲ ಎಂದು ಈ ಲೆಕ್ಕ ಹೇಳುತ್ತದೆ. ಮಂಡಿಯ ಕೆಳಗೆ ಕಾಲಿಲ್ಲದವರು ರಾತ್ರಿ ಕೃತಕ ಕಾಲು ಬಿಚ್ಚಿಟ್ಟು ಮಲಗುತ್ತಾರೆ. ನಡುರಾತ್ರಿ ಎದ್ದು ಹಿತ್ತಲಿನ ಬಚ್ಚಲಿಗೆ ಹೋಗಬೇಕು. ಆಗ ಅವರ ವೈಕಲ್ಯ ಎಷ್ಟು ಪರ್ಸೆಂಟ್ ಅಂತ ಬರೆಯುತ್ತೀರಿ?

ಇದರ ಮೇಲೆ ಇನ್ನೊಂದು ತಿರುವು. ಪಿಂಚಣಿ ಲೆಕ್ಕಕ್ಕೆ ಶೇ 50ಕ್ಕಿಂತ ಕಡಿಮೆ ಇದ್ದರೆ 50 ಎಂದು, 50ರಿಂದ 75ರ ನಡುವೆ ಇದ್ದರೆ 75 ಎಂದು, ಅದಕ್ಕೂ ಜಾಸ್ತಿ ಇದ್ದರೆ 100 ಎಂದು ಹಿಡಿಯುವ ಪದ್ಧತಿ 1996ರಿಂದ ಇದೆ. ಮೊದಲು ಸೇನೆಯೇ ಅನರ್ಹ ಎಂದು ಹೊರಗೆ ಕಳಿಸಿದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ಬಂದವರಿಗೂ ಕೊಡಿ ಎಂದು 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿ, ಒಳ್ಳೆಯದೇ ಆಯಿತು. ಈಗ ಮೆಡಿಕಲ್ ಬೋರ್ಡ್ ಶೇ 40 ಎಂದು ಬರೆದವರ ಪಿಪಿಒದಲ್ಲಿ, ಅಂದರೆ ಪಿಂಚಣಿ ಆದೇಶದಲ್ಲಿ, 50 ಎಂದಿರುತ್ತದೆ. ಶೇ 50 ಬೇಕು ಎನ್ನುವ ಅರ್ಜಿಗೆ ಯಾವುದನ್ನು ನೋಡುತ್ತೀರಿ? ಪಿಪಿಒ ನೋಡಿದರೆ ಅರ್ಹ, ಬೋರ್ಡ್ ಕಾಗದ ನೋಡಿದರೆ ಅನರ್ಹ. ಇದಕ್ಕೆ ಒಂದು ಸಾಲಿನ ಉತ್ತರ ಲಿಖಿತವಾಗಿ ಕೊಟ್ಟರೆ ಎಷ್ಟೋ ಜನ ಬಸ್ ಚಾರ್ಜ್ ಉಳಿಸುತ್ತಾರೆ.

ಮಂಡಳಿಯ ಸ್ಕೂಟರ್ ಯೋಜನೆಗೆ ಇನ್ನೂ ಒಂದು ಷರತ್ತಿದೆ. ಸೇವೆ ಮುಗಿದ ಮೇಲೆ ಅಂಗವಿಕಲರಾದವರಿಗೆ ಮಾತ್ರ ಅದು. ಸೇವೆಯಲ್ಲಿದ್ದಾಗ ಆದವರು ತಮ್ಮ ಸೇನಾ ಮುಖ್ಯ ಕಚೇರಿಯ ಯೋಜನೆಗೆ ಅರ್ಜಿ ಹಾಕಬೇಕು. ಎರಡೂ ಕಡೆ ತೆಗೆದುಕೊಳ್ಳಬಾರದು ಎಂಬ ಕಾರಣಕ್ಕೆ ಹೀಗೆ ಮಾಡಿದ್ದಾರೆ, ತಪ್ಪಿಲ್ಲ. ಆದರೆ ಊರಲ್ಲಿ ಕೂತ ಮಾಜಿ ಸೈನಿಕನಿಗೆ ಇದು ಹೇಗೆ ಗೊತ್ತಾಗಬೇಕು? ನಮ್ಮ ಪಕ್ಕದ ಊರಿನಲ್ಲಿ ಒಬ್ಬರಿದ್ದಾರೆ. ಕಾಶ್ಮೀರದ ಗಡಿಯಲ್ಲಿ ನೆಲಬಾಂಬ್ ಮೇಲೆ ಕಾಲಿಟ್ಟು ಎಡಗಾಲು ಹೋಯಿತು. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಾಲು ಹಾಕಿಸಿಕೊಂಡು ಬಂದರು. ಆ ಕೇಂದ್ರ 1944ರಿಂದ ಇಂಥವರನ್ನು ನೋಡಿಕೊಳ್ಳುತ್ತಿದೆ, ಅಲ್ಲಿನ ಕೆಲಸದ ಬಗ್ಗೆ ಅವರಿಗೆ ತುಂಬಾ ಗೌರವ. ಊರಿಗೆ ಬಂದ ಮೇಲೆ ಸ್ಕೂಟರ್ ಕೇಳಲು ಹೋದರು. ಒಂದು ಕಚೇರಿಯಲ್ಲಿ 'ನಿಮ್ಮದು ಸೇವೆಯಲ್ಲಿದ್ದಾಗ ಆದದ್ದು, ಸೇನೆಯ ರೆಕಾರ್ಡ್ ಆಫೀಸಿಗೆ ಬರೆಯಿರಿ' ಎಂದರು. ಬರೆದರು. ಅಲ್ಲಿಂದ ಬಂದ ಉತ್ತರದಲ್ಲಿ ಕೇಳಿದ ಕಾಗದ ಊರಿನ ಕಚೇರಿಯಲ್ಲಿ ಸಿಗುವಂಥದ್ದು. ಊರಿನ ಕಚೇರಿ ಆ ಕಾಗದಕ್ಕೆ ಜಿಲ್ಲಾಸ್ಪತ್ರೆಯ ಸರ್ಟಿಫಿಕೇಟ್ ಕೇಳಿತು. ಸೇನೆಯ ಬೋರ್ಡ್ ಕಾಲಿಲ್ಲ ಎಂದು ಬರೆದ ಕಾಗದ ಅವರ ಕೈಯಲ್ಲೇ ಇತ್ತು. ಆದರೂ ಕಾಲಿಲ್ಲ ಎಂದು ಇನ್ನೊಂದು ಬೋರ್ಡ್ ಬರೆಯಬೇಕಿತ್ತು. ಅವರು ಈಗ ತಮ್ಮನ ಬೈಕಿನ ಹಿಂದೆ ಕೂತು ಓಡಾಡುತ್ತಾರೆ.

ಇವರದ್ದು ಕೊನೆಗೆ ಕಾಗದದ ತೊಂದರೆ. ಇವತ್ತಲ್ಲ ನಾಳೆ ಸರಿಹೋದೀತು. ಇನ್ನೊಬ್ಬರ ಕಥೆ ಕೇಳಿ. ಶಿರಾ ಕಡೆಯ ಹುಡುಗ. ಹುಡುಗ ಅಂದೆ, ಈಗ ನಲವತ್ತು ದಾಟಿದೆ. ರಜೆಯಲ್ಲಿ ಊರಿಗೆ ಬಂದಿದ್ದಾಗ ರಸ್ತೆ ಅಪಘಾತ. ಬೆನ್ನುಹುರಿಗೆ ಪೆಟ್ಟು. ಸೊಂಟದ ಕೆಳಗೆ ಸ್ಪರ್ಶವಿಲ್ಲ, ಗಾಲಿಕುರ್ಚಿ. ರಜೆಗೆ ಬರುವ ದಾರಿಯಲ್ಲೋ, ವಾಪಸ್ ಯೂನಿಟ್‌ಗೆ ಹೋಗುವ ದಾರಿಯಲ್ಲೋ ಆಗಿದ್ದರೆ ಕರ್ತವ್ಯದ ಮೇಲೆ ಎಂದು ಹಿಡಿಯುತ್ತಿದ್ದರು. ಊರಲ್ಲಿದ್ದಾಗ, ಸ್ವಂತ ಕೆಲಸಕ್ಕೆ ಹೋಗುತ್ತಿದ್ದಾಗ ಆಯಿತು. ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಬೋರ್ಡ್ ಬರೆಯಿತು. ಸೇನೆಯವರು ಇದಕ್ಕೆ ಇಂಗ್ಲಿಷಿನಲ್ಲಿ ಚಿಕ್ಕದಾಗಿ NANA ಅನ್ನುತ್ತಾರೆ. ಆ ನಾಲ್ಕಕ್ಷರ ಬಿದ್ದ ಮೇಲೆ ಅಂಗವಿಕಲ ಪಿಂಚಣಿ ಇಲ್ಲ. ಮನೆ ಸಾಲದ ಬಡ್ಡಿಯಲ್ಲಿ ಅರ್ಧ ವಾಪಸ್ ಕೊಡುವ ಸೈನಿಕ ಮಂಡಳಿಯ ಯೋಜನೆಯೂ ಇಲ್ಲ, ಯಾಕೆಂದರೆ ಅದು ಯುದ್ಧದಲ್ಲಿ ಗಾಯಗೊಂಡವರಿಗೆ ಮತ್ತು ಸೇವೆಯ ಕಾರಣದಿಂದಲೇ ಗಾಯಗೊಂಡವರಿಗೆ. ಸೇವೆ ಮುಗಿದ ಮೇಲೆ ಅಂಗವಿಕಲರಾದವರ ಸ್ಕೂಟರ್ ಯೋಜನೆಯೂ ಇಲ್ಲ, ಯಾಕೆಂದರೆ ಇವರಿಗೆ ಆದದ್ದು ಸೇವೆಯಲ್ಲಿದ್ದಾಗ. ಒಂದು ಬಾಗಿಲಲ್ಲಿ 'ನೀವು ಸೇನೆಯಲ್ಲಿದ್ದಿರಿ' ಅನ್ನುತ್ತಾರೆ, ಪಕ್ಕದ ಬಾಗಿಲಲ್ಲಿ 'ಇದು ಸೇನೆಯಿಂದ ಆದದ್ದಲ್ಲ' ಅನ್ನುತ್ತಾರೆ.

ಪಿಂಚಣಿಗೆ ಈ ಭೇದ ಇರಲಿ, ನಾನು ವಾದ ಮಾಡುವುದಿಲ್ಲ. ದೇಶಕ್ಕಾಗಿ ಗುಂಡು ತಿಂದವನಿಗೂ ಬೈಕಿನಿಂದ ಬಿದ್ದವನಿಗೂ ಪರಿಹಾರ ಒಂದೇ ಇರಬೇಕಿಲ್ಲ. ಆದರೆ ಬಚ್ಚಲಿನ ಬಾಗಿಲು ಅಗಲ ಮಾಡುವುದಕ್ಕೆ ಈ ಭೇದ ಯಾಕೆ? ಗಾಲಿಕುರ್ಚಿಗೆ ಗಾಯದ ಕಾರಣ ಗೊತ್ತಿಲ್ಲ. ಬಾಗಿಲು ಕಿರಿದಾಗಿದ್ದರೆ ಇಬ್ಬರದ್ದೂ ಸಿಕ್ಕಿಕೊಳ್ಳುತ್ತದೆ.

ಅಮೆರಿಕದಲ್ಲಿ ಗಾಯಗೊಂಡ ಸೈನಿಕರ ಮನೆಯನ್ನು ಅವರಿಗೆ ಒಗ್ಗುವಂತೆ ಕಟ್ಟಲು, ಬದಲಿಸಲು ಪ್ರತ್ಯೇಕ ಅನುದಾನ 1948ರಿಂದ ಇದೆ. ಒಂದಕ್ಕಿಂತ ಹೆಚ್ಚು ಕೈಕಾಲು ಕಳೆದುಕೊಂಡವರು, ಎರಡೂ ಕಣ್ಣು ಹೋದವರು, ತೀವ್ರವಾಗಿ ಸುಟ್ಟ ಗಾಯ ಆದವರು, ಹೀಗೆ ಅರ್ಹತೆಯನ್ನು ಬರೆದಿಟ್ಟಿದ್ದಾರೆ. ಒಟ್ಟು ಮೊತ್ತದ ಮಿತಿಯೊಳಗೆ ಆರು ಸಲ ಬಳಸಿಕೊಳ್ಳಬಹುದು. ಸಂಬಂಧಿಕರ ಮನೆಯಲ್ಲಿ ತಾತ್ಕಾಲಿಕವಾಗಿ ಇದ್ದರೂ ಆ ಮನೆ ಬದಲಿಸಲು ಒಂದಷ್ಟು ಸಿಗುತ್ತದೆ. ಕಾರು ಕೊಳ್ಳಲು, ಅದಕ್ಕೆ ಕೈಯಿಂದ ನಡೆಸುವ ಸಾಧನ ಕೂರಿಸಲು ಬೇರೆ ಸಹಾಯ. ಅಲ್ಲೂ ದೊಡ್ಡ ಅನುದಾನಕ್ಕೆ 'ಸೇವೆಯಿಂದಲೇ ಆದ ಗಾಯ' ಎಂಬ ಷರತ್ತು ಇದೆ. ಆದರೆ ರ‍್ಯಾಂಪ್, ಬಚ್ಚಲು, ಹಿಡಿಕಂಬಿಯಂಥ ಕೆಲಸಕ್ಕೆ ಇನ್ನೊಂದು ಸಣ್ಣ ಯೋಜನೆ ಇಟ್ಟಿದ್ದಾರೆ. ಸೇವೆಯಿಂದ ಗಾಯವಾದವರಿಗೆ 6,800 ಡಾಲರ್‌ವರೆಗೆ, ಸೇವೆಗೆ ಸಂಬಂಧವಿಲ್ಲದ ವೈಕಲ್ಯ ಇರುವ ಮಾಜಿ ಸೈನಿಕರಿಗೂ 2,000 ಡಾಲರ್‌ವರೆಗೆ. ಅವರ ದುಡ್ಡು ನಮ್ಮಲ್ಲಿಲ್ಲ, ಅದು ಗೊತ್ತಿದೆ. ನಾನು ತೋರಿಸುತ್ತಿರುವುದು ದುಡ್ಡನ್ನಲ್ಲ. ಕಾರಣ ಬೇರೆಯಾದರೆ ಮೊತ್ತ ಕಡಿಮೆ ಮಾಡಿದ್ದಾರೆ, ಬಾಗಿಲು ಮುಚ್ಚಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ಸೈನಿಕ ಮಂಡಳಿಯ ಮನೆ ರಿಪೇರಿ ಸಹಾಯ 20,000 ರೂಪಾಯಿ. ಅದೂ ಶೇ 100 ವೈಕಲ್ಯ ಇದ್ದವರಿಗೆ. ಬನ್ನಿ, ಒಂದು ರ‍್ಯಾಂಪ್ ಲೆಕ್ಕ ಹಾಕೋಣ. ಸರ್ಕಾರದ್ದೇ ಮಾರ್ಗಸೂಚಿ ಪ್ರಕಾರ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ನಮ್ಮ ಕಡೆಯ ಹಳೇ ಮನೆಗಳ ಜಗಲಿ ಎರಡು ಅಡಿಗೆ ಕಡಿಮೆ ಇರುವುದಿಲ್ಲ. ಅಂದರೆ 24 ಅಡಿ. ಜಗಲಿಯ ಮುಂದೆ ಮೂರು ಅಡಿ ಜಾಗ, ಆಮೇಲೆ ಚರಂಡಿ, ಆಮೇಲೆ ಸಿಸಿ ರಸ್ತೆ. 24 ಅಡಿ ಎಲ್ಲಿಂದ ತರುವುದು? ಮನೆಯ ಗೋಡೆಗುಂಟ ತಿರುಗಿಸಿ ಕಟ್ಟಬೇಕು. ಚರಂಡಿ ಮೇಲೆ ಚಪ್ಪಡಿ ಹಾಕಬೇಕು. ಪಕ್ಕದ ಮನೆಯವರು 'ನಮ್ಮ ನೀರು ನಿಲ್ಲುತ್ತೆ' ಎಂದು ತಕರಾರು ತೆಗೆಯುತ್ತಾರೆ. ಪಂಚಾಯಿತಿಗೆ ಹೋದರೆ 'ರಸ್ತೆ ಒತ್ತುವರಿ ಆಗುತ್ತೆ' ಅನ್ನುತ್ತಾರೆ. ಕೊನೆಗೆ ಮೇಸ್ತ್ರಿ ಕಡಿದಾಗಿ ಒಂದು ಸಿಮೆಂಟು ಜಾರುಬಂಡೆ ಮಾಡಿಕೊಟ್ಟು ಹೋಗುತ್ತಾನೆ. ಮಳೆ ಬಂದ ದಿನ ಅದರ ಮೇಲೆ ಗಾಲಿಕುರ್ಚಿ ತಳ್ಳಲು ಇಬ್ಬರು ಬೇಕು.

ಒಳಗೆ ಹೋದರೆ ಹೊಸ್ತಿಲು. ಅದನ್ನು ತೆಗೆಯಲು ಮನೆಯ ಹಿರಿಯರು ಒಪ್ಪುವುದಿಲ್ಲ, ಅದು ನಿಮ್ಮ ಕೈಯಲ್ಲೂ ಇಲ್ಲ ಬಿಡಿ. ಹಜಾರದಿಂದ ಬಚ್ಚಲಿಗೆ ಮತ್ತೆ ಒಂದು ಮೆಟ್ಟಿಲು ಇಳಿಯಬೇಕು. ಕಕ್ಕಸು ಹಿತ್ತಲಲ್ಲಿ, ಕುಕ್ಕರುಗಾಲಲ್ಲಿ ಕೂರುವಂಥದ್ದು. ಅದನ್ನು ಕುರ್ಚಿಯಂತೆ ಕೂರುವ ಕಮೋಡ್ ಮಾಡಬೇಕು. ಗೋಡೆಗೆ ಹಿಡಿಕಂಬಿ ಬೇಕು. ಹಳೇ ಮಣ್ಣಿನ ಗೋಡೆಯಾದರೆ ಹಿಡಿಕಂಬಿ ನಿಲ್ಲುವುದಿಲ್ಲ, ಇಟ್ಟಿಗೆ ಗೋಡೆ ಕಟ್ಟಬೇಕು. 20,000 ರೂಪಾಯಿ ಎಲ್ಲಿಗೆ ಸಾಕಾಗುತ್ತದೆ ಎಂದು ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ.

ಇನ್ನು ಮನೆ ಯಾರ ಹೆಸರಲ್ಲಿದೆ? ಹತ್ತರಲ್ಲಿ ಎಂಟು ಮನೆ ತೀರಿಹೋದ ಅಪ್ಪನ ಹೆಸರಲ್ಲೇ ಇರುತ್ತದೆ ಅಂದರೆ ಹಳ್ಳಿಯವರು ಯಾರೂ ನಗುವುದಿಲ್ಲ. ಪೌತಿ ಖಾತೆ ಆಗಿರುವುದಿಲ್ಲ. ಆಗಬೇಕಾದರೆ ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಅಕ್ಕತಂಗಿಯರು ಎಲ್ಲ ಸಹಿ ಹಾಕಬೇಕು. ಇ-ಸ್ವತ್ತು ಮಾಡಿಸಬೇಕು. ಇಷ್ಟೆಲ್ಲ ಆದ ಮೇಲೆ ಬ್ಯಾಂಕು ಸಾಲ ಕೊಡುವ ಮಾತು. ಅಂಗವಿಕಲ ಸೈನಿಕನಿಗೆ ಭಾಗ ಬರುವವರೆಗೆ ಕಾಯಿರಿ ಎಂದು ನಿಯಮ ಹೇಳುವುದಿಲ್ಲ, ಆದರೆ ನಡೆಯುವುದು ಅದೇ. ಬಚ್ಚಲಿಗೆ ಹಿಡಿಕಂಬಿ ಹಾಕಿಸಲು ಮನೆ ಪಾಲು ಮಾಡಬೇಕಾ?

'ಆಶ್ರಯ ಮನೆ ಇದೆಯಲ್ಲ, ಪ್ರಧಾನಮಂತ್ರಿ ಆವಾಸ್ ಇದೆಯಲ್ಲ' ಎಂದು ಪಂಚಾಯಿತಿಯವರು ಹೇಳುತ್ತಾರೆ. ಅವು ಮನೆ ಇಲ್ಲದವರಿಗೆ, ಕಚ್ಚಾ ಮನೆಯವರಿಗೆ. ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ಸಿಗುವುದು 1.20 ಲಕ್ಷ. ಮನೆಯಲ್ಲಿ ಯಾರಿಗಾದರೂ ತಿಂಗಳಿಗೆ 15,000ಕ್ಕಿಂತ ಜಾಸ್ತಿ ವರಮಾನ ಇದ್ದರೆ ಹೊರಗೆ. ಮೊದಲು ಈ ಮಿತಿ 10,000 ಇತ್ತು. ಸೈನಿಕನ ಪಿಂಚಣಿ ಅಲ್ಲೇ ದಾಟಿಬಿಡುತ್ತದೆ. ಅದಕ್ಕಿಂತ ತಮಾಷೆ ಇನ್ನೊಂದು ಷರತ್ತಿನಲ್ಲಿದೆ. ಮೂರು ಅಥವಾ ನಾಲ್ಕು ಚಕ್ರದ ಮೋಟಾರು ವಾಹನ ಇದ್ದರೂ ಹೊರಗೆ. ಸ್ಕೂಟರಿನ ಹಿಂದಿನ ಚಕ್ರಕ್ಕೆ ಎಡಕ್ಕೊಂದು ಬಲಕ್ಕೊಂದು ಚಕ್ರ ಸೇರಿಸಿಕೊಂಡು ಓಡಿಸುವ ಅಂಗವಿಕಲನ ಮನೆಗೆ ಸರ್ವೆಗೆ ಬಂದವರು ಎಷ್ಟು ಚಕ್ರ ಎಂದು ಬರೆದುಕೊಳ್ಳಬೇಕು? ಒಂದು ಯೋಜನೆ ಕೊಟ್ಟ ಗಾಡಿ ಇನ್ನೊಂದು ಯೋಜನೆಯಿಂದ ಹೊರಹಾಕದಂತೆ ಸರ್ವೆಯವರಿಗೆ ಒಂದು ಸುತ್ತೋಲೆ ಹೊರಡಿಸಲು ದೆಹಲಿಗೆ ಹೋಗಬೇಕಿಲ್ಲ ಅಲ್ವಾ?

ಗಾಡಿ ವಿಷಯ ಬಂತು. ಮೊದಲು ಸಣ್ಣ ಕಾರಿಗೆ ಶೇ 28 ಜಿಎಸ್‌ಟಿ ಇತ್ತು. ಕೈಕಾಲಿನ ವೈಕಲ್ಯ ಶೇ 40 ಅಥವಾ ಹೆಚ್ಚು ಇದ್ದವರು ಭಾರಿ ಕೈಗಾರಿಕೆ ಸಚಿವಾಲಯದ ಪ್ರಮಾಣಪತ್ರ ತಂದರೆ ಶೇ 18ಕ್ಕೆ ಸಿಗುತ್ತಿತ್ತು. ಐದು ವರ್ಷ ಮಾರಬಾರದು ಎಂಬ ಷರತ್ತಿನ ಮೇಲೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಎಲ್ಲರಿಗೂ ಶೇ 18 ಆಯಿತು. ಎಲ್ಲರಿಗೂ ಕಡಿಮೆಯಾದದ್ದು ಸಂತೋಷ. ಆದರೆ ಅಂಗವಿಕಲನಿಗೆ ವಿಶೇಷವಾಗಿ ಇದ್ದ ರಿಯಾಯಿತಿ ಈಗ ಸೊನ್ನೆ. ಅವನು ಮಾತ್ರ ಕಾರಿನ ಬೆಲೆಯ ಮೇಲೆ ಕೈಯಲ್ಲಿ ಒತ್ತುವ ಬ್ರೇಕ್, ಆಕ್ಸಿಲರೇಟರ್ ಹಾಕಿಸಿಕೊಳ್ಳಬೇಕು. ಅಂಥ ಕಿಟ್ ಮೇಲಿನ ಜಿಎಸ್‌ಟಿಯನ್ನು ಶೇ 5ಕ್ಕೆ ಇಳಿಸಲು 2021ರಲ್ಲೇ ಜಿಎಸ್‌ಟಿ ಮಂಡಳಿ ತೀರ್ಮಾನಿಸಿತು, ಅದೊಂದು ಉಪಕಾರ. ಕಿಟ್‌ಗೆ, ಅದನ್ನು ಕೂರಿಸುವ ಕೂಲಿಗೆ ಸೈನಿಕ ಕಲ್ಯಾಣದ ಕಡೆಯಿಂದ ಒಂದಷ್ಟು ಕೊಟ್ಟರೆ ಕಳೆದುಹೋದ ರಿಯಾಯಿತಿಗೆ ಸ್ವಲ್ಪ ಸಮವಾಗುತ್ತದೆ.

ಕಿಟ್ ಹಾಕಿಸಿದರೆ ಮುಗಿಯಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ರಚನೆ ಬದಲಿಸಿದ್ದು ಆರ್‌ಸಿಯಲ್ಲಿ ಬರಬೇಕು. ಬರದಿದ್ದರೆ ನಾಳೆ ಅಪಘಾತ ಆದಾಗ ಇನ್ಶೂರೆನ್ಸ್‌ನವರು ಅದನ್ನೇ ಹಿಡಿಯುತ್ತಾರೆ. ಡ್ರೈವಿಂಗ್ ಲೈಸೆನ್ಸ್‌ನಲ್ಲೂ ಮಾರ್ಪಡಿಸಿದ ವಾಹನ ಎಂಬ ವರ್ಗ ಇರಬೇಕು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನೋಂದಣಿಯ 20ನೇ ನಮೂನೆಯನ್ನು ತಿದ್ದಿ, ಮಾಲೀಕರು ದಿವ್ಯಾಂಗರು ಎಂದು ಬರೆಯಲು ಜಾಗ ಕೊಟ್ಟಿತು. ಇದೆಲ್ಲ ಇದೆ. ಆದರೆ ಪಾವಗಡದಿಂದ ತುಮಕೂರಿಗೆ ಹತ್ತಿರಹತ್ತಿರ ನೂರು ಕಿಲೋಮೀಟರ್. ಆಸ್ಪತ್ರೆಯ ಬೋರ್ಡಿಗೆ ಒಂದು ದಿನ, ಗಾಡಿಯ ಕೆಲಸಕ್ಕೆ ಇನ್ನೊಂದು ದಿನ, ಸೈನಿಕ ಕಲ್ಯಾಣದ ಕಚೇರಿಗೆ ಮತ್ತೊಂದು ದಿನ ಎಂದರೆ ಬೆನ್ನುಹುರಿ ಪೆಟ್ಟಾದವರು ಕೆಎಸ್‌ಆರ್‌ಟಿಸಿ ಬಸ್ಸಿನ ಮೆಟ್ಟಿಲು ಎಷ್ಟು ಸಲ ಹತ್ತಬೇಕು? ಹತ್ತುವುದು ಅಂತ ಸುಮ್ನೆ ಬರೆದೆ. ಎತ್ತಿ ಕೂರಿಸುತ್ತಾರೆ.

ನಾನು ಹೊಸ ಯೋಜನೆ ಮಾಡಿ ಎಂದು ಕೇಳುವ ಮೊದಲು, ಇರುವುದರಲ್ಲೇ ಏನು ಮಾಡಬಹುದು ಎಂದು ನೋಡಿದ್ದೇನೆ.

ಜಿಲ್ಲಾಧಿಕಾರಿಗಳೇ, ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ, ನಗರಸಭೆಯಂಥ ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗೆಂದು ಶೇ 5ರಷ್ಟು ಹಣ ತೆಗೆದಿಡಬೇಕು. ಆ ಹಣದಲ್ಲಿ ಬಹಳಷ್ಟು ಸಲ ವಾಟರ್ ಫಿಲ್ಟರ್, ಹೊಲಿಗೆ ಯಂತ್ರ ಕೊಟ್ಟು ಫೋಟೊ ತೆಗೆಯುವುದನ್ನು ನೋಡಿದ್ದೇನೆ. ಕಣ್ಣು ಕಾಣದ ಅಜ್ಜಿಗೆ ಹೊಲಿಗೆ ಯಂತ್ರ ಕೊಟ್ಟದ್ದನ್ನೂ ನೋಡಿದ್ದೇನೆ. ಆ ಹಣವನ್ನು ಮನೆಯ ರ‍್ಯಾಂಪ್, ಬಚ್ಚಲು, ಕಮೋಡ್, ಹಿಡಿಕಂಬಿಗೆ ಬಳಸಬಹುದು ಎಂದು ಪಿಡಿಒಗಳಿಗೆ ಸ್ಪಷ್ಟವಾಗಿ ಬರೆಯಿರಿ. ಸೈನಿಕರಿಗೆ ಮಾತ್ರ ಅಲ್ಲ, ಊರಿನ ಎಲ್ಲ ಅಂಗವಿಕಲರಿಗೂ ಬರೆಯಿರಿ. ನಮ್ಮವರು ಸಾಲಿನಲ್ಲಿ ನಿಲ್ಲುತ್ತಾರೆ, ಅಭ್ಯಾಸ ಇದೆ. ಮನೆ ಅಪ್ಪನ ಹೆಸರಲ್ಲಿದ್ದರೆ ವಂಶವೃಕ್ಷ ಮತ್ತು ಮನೆಯವರ ಒಪ್ಪಿಗೆ ಪತ್ರ ಸಾಕು ಎಂದು ಅದೇ ಪತ್ರದಲ್ಲಿ ಸೇರಿಸಿ. ರ‍್ಯಾಂಪ್‌ಗಾಗಿ ಚರಂಡಿ ಮೇಲೆ ಚಪ್ಪಡಿ ಹಾಕಿದರೆ ಒತ್ತುವರಿ ಅನ್ನಬೇಡಿ ಎಂದೂ ಸೇರಿಸಿ. ಪಂಚಾಯಿತಿಗಳಲ್ಲಿ ಅಂಗವಿಕಲರ ಕೆಲಸ ನೋಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ಬಹುತೇಕ ಅಂಗವಿಕಲರೇ. ಯಾವ ಮನೆಯಲ್ಲಿ ಮೆಟ್ಟಿಲು ತೊಂದರೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಮಾಜಿ ಸೈನಿಕರ ಮನೆಗಳನ್ನೂ ಅವರ ಪಟ್ಟಿಗೆ ಸೇರಿಸಿ. 'ಮಿಲ್ಟ್ರಿಯವರಿಗೆ ಎಲ್ಲಾ ಅವರ ಇಲಾಖೆಯೇ ಕೊಡುತ್ತೆ' ಎಂದು ಅವರನ್ನು ಬಿಟ್ಟುಬಿಡುತ್ತಾರೆ.

ಇನ್ನೊಂದು, ಒಂದೇ ದಿನದ ಶಿಬಿರ. ವೈದ್ಯರ ಬೋರ್ಡ್, ಆರ್‌ಟಿಒ ಅಧಿಕಾರಿ, ಸೈನಿಕ ಕಲ್ಯಾಣದವರು, ಅಂಗವಿಕಲರ ಇಲಾಖೆಯವರು ಒಂದೇ ಕಡೆ ಕೂರಬೇಕು. ಮಧುಗಿರಿಯಲ್ಲಿ ಮಾಡಿದರೆ ಪಾವಗಡ, ಕೊರಟಗೆರೆ, ಶಿರಾದವರಿಗೆ ಹತ್ತಿರ. ತಿಪಟೂರಿನಲ್ಲಿ ಮಾಡಿದರೆ ಈ ಕಡೆಯವರಿಗೆ. ಸೇನೆಯ ಬೋರ್ಡ್ ಕಾಗದ ಇದ್ದವರನ್ನು ಸುಮ್ಮನೆ ಮತ್ತೆ ಎಕ್ಸ್‌ರೇಗೆ ಕಳಿಸದೆ, ಆ ಕಾಗದ ನೋಡಿಯೇ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಬರೆಯಲಿ. ಹೋದ ಕಾಲು ಮತ್ತೆ ಬೆಳೆದಿರುವುದಿಲ್ಲ.

ನಿರ್ದೇಶಕರೇ, ನಿಮ್ಮಲ್ಲಿ ಕೇಳುವುದು ಎರಡು. ಮೊದಲನೆಯದು, ಸೇವೆಯಲ್ಲಿದ್ದಾಗ ಅಂಗವಿಕಲರಾಗಿಯೂ 'ಸೇವೆಯಿಂದಲ್ಲ' ಎಂದು ಬರೆಸಿಕೊಂಡು ಬಂದವರು ಎರಡು ಯೋಜನೆಗಳ ನಡುವೆ ಬಿದ್ದಿದ್ದಾರೆ. ಅವರಿಗೆ ಮನೆ ಮತ್ತು ಗಾಡಿಯ ಮಾರ್ಪಾಡಿಗಷ್ಟೇ ರಾಜ್ಯದ ಕಡೆಯಿಂದ ಸಹಾಯ ಕೊಡಿ. ಪಿಂಚಣಿ ಕೇಳುತ್ತಿಲ್ಲ, ಅದು ಕೇಂದ್ರದ ವಿಷಯ. ಎರಡನೆಯದು, ರಿಪೇರಿ ಸಹಾಯದ ಶೇ 100ರ ಗೆರೆಯನ್ನು ಮಂಡಳಿಯ ಸಭೆಯಲ್ಲಿ ಎತ್ತಿ. ಬಡ ಮಾಜಿ ಸೈನಿಕರ ತಿಂಗಳ ಸಹಾಯವನ್ನು 4,000ದಿಂದ 8,000ಕ್ಕೆ ಏರಿಸಲು 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಮಕ್ಕಳ ಓದಿನ ಮತ್ತು ಮದುವೆಯ ಸಹಾಯವೂ ದುಪ್ಪಟ್ಟಾಯಿತು. ಕೇಳಿದರೆ ಆಗುತ್ತದೆ ಎಂದಾಯಿತು. ಮನೆ ಮಾರ್ಪಾಡಿನ ಮೊತ್ತ ಮತ್ತು ಗೆರೆ ಎರಡನ್ನೂ ಅದೇ ರೀತಿ ಕೇಳಿ.

1949ರಿಂದ ಪ್ರತಿ ಡಿಸೆಂಬರ್ 7ಕ್ಕೆ ಸಶಸ್ತ್ರ ಪಡೆಗಳ ಧ್ವಜ ದಿನ ನಡೆಯುತ್ತಿದೆ. ಸ್ಕೂಲ್ ಮಕ್ಕಳು ಚಿಕ್ಕ ಬಾವುಟ ಕೊಟ್ಟು ಹಣ ಕೂಡಿಸುತ್ತಾರೆ. ಮಂಡಳಿಯ ಈ ಸಹಾಯಗಳಿಗೆ ಹಣ ಬರುವುದು ಆ ನಿಧಿಯಿಂದಲೇ. ಈ ಸಲ ನಮ್ಮ ಜಿಲ್ಲೆಯಲ್ಲಿ ಬಾವುಟದ ಜೊತೆ ಒಂದು ಪುಟದ ಕಾಗದವನ್ನೂ ಪ್ರತಿ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಿ. ಮನೆಗೆ ಯಾವ ಸಹಾಯ, ಗಾಡಿಗೆ ಯಾವ ಸಹಾಯ, ಎಷ್ಟು ಪರ್ಸೆಂಟ್, ಯಾವ ಕಾಗದ, ಯಾರ ಹತ್ತಿರ ಹೋಗಬೇಕು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಬರೆಯಲು ಯಾರೂ ಸಿಗದಿದ್ದರೆ ನಾನು ಬಂದು ಬರೆದುಕೊಡುತ್ತೇನೆ. ಶಿಬಿರದ ದಿನಾಂಕವನ್ನೂ ಅದರಲ್ಲೇ ಹಾಕಿಬಿಡಿ.

ಇಂತಿ ನಮಸ್ಕಾರಗಳೊಂದಿಗೆ,

ಒಬ್ಬ ಮಾಜಿ ಹವಾಲ್ದಾರ್
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ